ಗಾಜು ಮೈಯೊಳಗೆ ಕರಗುತ್ತಾ?

ಪ್ರಶ್ನೆ: ಸಾರ್, ನಮ್ಮಣ್ಣ ಮೆಣಸು ಕುಯ್ಯೋವಾಗ ಏಣಿಯಿಂದ ಬಿದ್ದು ಕಾಲು ಮುರ್ಕೊಂಡ, ಪ್ಲೇಟ್ ಹಾಕಿದ್ದಾರೆ. ಮೈಯೊಳಗೇ ಕರಗೋ ಫಾಸ್ಫೇಟ್ ಗಾಜಿನ ಎಳೆ ಇದೆ ಅಂತ ಓದ್ದೆ, ಗಾಜು ಎಲ್ಲಾದ್ರೂ ಕರಗುತ್ತಾ?
– ಓದುಗರು, ಸೋಮವಾರಪೇಟೆ

ಉತ್ತರ: ಕರಗುತ್ತೆ ಮಾರಾಯ್ರೆ. ಕಿಟಕಿ ಗಾಜು ಮರಳಿಂದ ಆಗಿದ್ದು, ನಮ್ಮ ಜುಲೈ ಮಳೆಗೂ ಜಗ್ಗಲ್ಲ. ಫಾಸ್ಫೇಟ್ ಗಾಜಿನ ಬೆನ್ನೆಲುಬು ಫಾಸ್ಫರಸ್ ಆಕ್ಸೈಡ್, ಅದೊಂದೇ ಇದ್ರೆ ಗಾಳೀಲಿರೋ ತೇವಾನೇ ಹೀರ್ಕೊಂಡು ಅಂಟಂಟಾಗುತ್ತೆ, ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಬೆಲ್ಲದ ಥರ. ಅದಕ್ಕೇ ಬೇರೆ ಆಕ್ಸೈಡ್ ಬೆರೆಸೋದು, ಆಟ ಇರೋದೇ ಅಲ್ಲಿ. ಸೋಡಿಯಂ ಜಾಸ್ತಿ ಆದ್ರೆ ಫಾಸ್ಫೇಟ್ ಸರಪಳಿಗಳ (ಫಾಸ್ಫರಸ್, ಆಕ್ಸಿಜನ್ ಕೊಂಡಿ ಹಾಕ್ಕೊಂಡು ಆಗಿರೋವು) ಹಿಡಿತ ಸಡಿಲ, ಬೇಗ ಕರಗುತ್ತೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಹಾಕಿದ್ರೆ ಸರಪಳಿಗಳು ಒಂದನ್ನೊಂದು ಹಿಡ್ಕೊಳ್ತವೆ, ಸ್ವಲ್ಪ ನಿಧಾನ. ಕಬ್ಬಿಣದ ಆಕ್ಸೈಡ್ ಒಂಚೂರು ಬಿದ್ರಂತೂ ನೀರಿಗೆ ಸುಲಭವಾಗಿ ಒಡೆಯೋ ಕೊಂಡಿಗಳ ಜಾಗದಲ್ಲಿ ಕಬ್ಬಿಣದ ಗಟ್ಟಿ ಕೊಂಡಿ ಬರುತ್ತೆ, ಆಮೇಲೆ ಕರಗೋಕೆ ಬಹಳ ಟೈಮ್ ಬೇಕು, ಟೈಟಾನಿಯಂದೂ ಹೆಚ್ಚುಕಮ್ಮಿ ಇದೇ ಕಥೆ.

ಎಳೆ ತೆಗೆಯೋದು ಪಾಕ ಎಳೆದಂಗೆ, ಹದ ತಪ್ಪಿದ್ರೆ ಹರಳುಗಟ್ಟಿ ಪಟ್ ಅಂತ ತುಂಡಾಗುತ್ತೆ. ಬೋರಾನ್ ಬೆರೆಸಿದ್ರೆ ಆ ಕಾಟ ಕಮ್ಮಿ, ಎಳೇನೂ ಗಟ್ಟಿ. ಎಳೆ ಕೂದಲಿಗಿಂತ ತೆಳ್ಳಗೆ, ತೆಳ್ಳಗಾದಷ್ಟೂ ಬೇಗ ಕರಗುತ್ತೆ ಅನ್ನೋದು ಬೇರೆ ತಲೆನೋವು. ತಾಮ್ರ ಸೇರಿಸಿದ್ರೆ ಕರಗ್ತಾ ಕರಗ್ತಾ ಬ್ಯಾಕ್ಟೀರಿಯಾ ಕೊಲ್ಲುತ್ತೆ, ನಾವು ಕಾಫಿಗೆ ಕೊಳೆರೋಗ ಬರ್ದಂಗೆ ಹೊಡಿಯೋ ಬೋರ್ಡೋ ದ್ರಾವಣದಲ್ಲೂ ಇರೋದು ಅದೇ ತಾಮ್ರ ನೋಡಿ!

ಇಂಥ ಎಳೆನ ಕರಗೋ ಪ್ಲಾಸ್ಟಿಕ್‌ನಲ್ಲಿ ಕೂರಿಸಿ ಮೂಳೆ ಪ್ಲೇಟ್ ಮಾಡೋ ಸಂಶೋಧನೆ ನಡೀತಿದೆ. ನಿಮ್ಮಣ್ಣನ ಪ್ಲೇಟ್ ವಿಷಯ ಮಾತ್ರ ಡಾಕ್ಟರನ್ನೇ ಕೇಳಿ.