ಕಾಲುವೆ ದಂಡೆಯ ಪ್ರವಾಸ ಬರೆದವರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಮಸ್ಕಾರ. ನಮ್ಮ ಪತ್ರಿಕೆಯ ಪ್ರವಾಸ ವಿಭಾಗಕ್ಕೆ ನೀವು ಕಳುಹಿಸಿದ ‘ನೀರಿನ ಪಕ್ಕದಲ್ಲಿ ಒಂದು ವಾರ’ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ನೀವೂ ನಿಮ್ಮ ಅಕ್ಕನವರೂ ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಲ್ಲಿ ಸೈಕಲ್‌ಗಳನ್ನು ಬಾಡಿಗೆಗೆ ಪಡೆದು, ಕನಾಲ್ ದ್ಯು ಮಿದಿ ಎಂಬ ಹಳೆಯ ದೋಣಿ ಕಾಲುವೆಯ ದಂಡೆಯನ್ನೇ ಹಿಡಿದು, ನಿಧಾನವಾಗಿ ಮೆಡಿಟರೇನಿಯನ್ ತೀರದ ಸೆತ್ ಊರನ್ನು ತಲುಪಿದ ಕಥನ ಇದು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೊಮ್ಮೆ ಬರೆದು ಕಳುಹಿಸಬೇಕೆಂಬ ಆಸೆ ನನಗಿದೆ. ಎರಡು ಸಾಲಿನ ವಿಷಾದಪತ್ರಕ್ಕೆ ನಿಲ್ಲಿಸದೆ ಇಷ್ಟು ವಿವರವಾಗಿ ಬರೆಯುತ್ತಿರುವುದು ಆ ಕಾರಣಕ್ಕೇ.

‘ನಮಗೆ ಯಾವ ಅವಸರವೂ ಇರಲಿಲ್ಲ’ ಎಂದು ಮೊದಲ ಪುಟದಲ್ಲೇ ಹೇಳಿದ್ದೀರಿ. ಆದರೆ ಬರವಣಿಗೆಯ ತುಂಬ ಅವಸರವೇ ಇದೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಟಿರಿ, ಎಷ್ಟು ಕಿಲೋಮೀಟರ್ ಸಾಗಿದಿರಿ, ಸಂಜೆ ಯಾವ ಊರು ಸೇರಿದಿರಿ, ಕೋಣೆ ಹೇಗಿತ್ತು ಎಂಬ ನಾಲ್ಕು ಸಂಗತಿಗಳು ದಿನದಿನವೂ ಅದೇ ಕ್ರಮದಲ್ಲಿ ಬರುತ್ತವೆ. ನಡುವಿನ ಜಾಗವನ್ನು ‘ಕಣ್ಮನ ತಣಿಸುವ’, ‘ಅವರ್ಣನೀಯ’, ‘ಸ್ವರ್ಗವೇ ಧರೆಗಿಳಿದಂತೆ’ ಎಂಬ ಮಾತುಗಳು ತುಂಬಿವೆ. ಇವು ಮಡಿಕೇರಿಗೂ ಮನಾಲಿಗೂ ಸಮಾನವಾಗಿ ಹೊಂದುವ ಮಾತುಗಳಾದ್ದರಿಂದ ನೀವು ಕಂಡ ಕಾಲುವೆಯ ಬಗ್ಗೆ ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. ಇಂಥವನ್ನೆಲ್ಲ ತೆಗೆದುಹಾಕಿ ಓದಿ ನೋಡಿದರೆ, ಲೇಖನದಲ್ಲಿ ನಿಜವಾಗಿ ಉಸಿರಾಡುತ್ತಿರುವುದು ಒಂದೇ ಒಂದು ಪ್ಯಾರಾ ಎಂದು ನನಗನ್ನಿಸಿತು.

ಅದು ಮೂರನೆಯ ಪುಟದಲ್ಲಿದೆ. ಪ್ರವಾಸದ ಮೊದಲ ಮಧ್ಯಾಹ್ನ, ಮೊಂಜಿಸ್ಕಾರ್ ಊರಿನ ಬಳಿ, ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಗಳ ಕಟ್ಟೆಯಾದ ಲಾಕ್‌ನ ಪಕ್ಕದಲ್ಲಿ ನಿಮ್ಮ ಅಕ್ಕ ಸೈಕಲ್ ನಿಲ್ಲಿಸಿ ಕಲ್ಲುಕಟ್ಟೆಯ ಮೇಲೆ ಕೂರುತ್ತಾರೆ. ತುಲೂಸ್ ಕಡೆಯಿಂದ ಬಂದ ದೋಣಿಯೊಂದು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ, ನೀರು ತುಂಬಿ ದೋಣಿ ಮೇಲೇಳುತ್ತದೆ. ಆಗ ಅವರು, ‘ಅಲ್ವೇ, ಸಮುದ್ರಕ್ಕೆ ಹೋಗೋ ದೋಣಿ ಮೇಲಕ್ಯಾಕೆ ಹತ್ತುತ್ತಿದೆ?’ ಎಂದು ಕೇಳುತ್ತಾರೆ. ಮುಂದಿನ ವಾಕ್ಯದಲ್ಲಿ ನೀವು ಫೋಟೊ ತೆಗೆದುಕೊಂಡು ಹೊರಟುಬಿಡುತ್ತೀರಿ.

ಆ ಪ್ರಶ್ನೆಯನ್ನು ಬಿಟ್ಟು ಹೊರಡಬೇಡಿ. ನಿಮ್ಮ ಇಡೀ ಲೇಖನಕ್ಕೆ ಬೇಕಾದದ್ದು ಅದರಲ್ಲಿದೆ.

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯನ್ನೋ ತುಂಗಭದ್ರಾ ಕಾಲುವೆಯನ್ನೋ ನೋಡಿ ಬೆಳೆದ ನಮ್ಮ ಓದುಗರಿಗೆ ಕಾಲುವೆ ಎಂದರೆ ಅಣೆಕಟ್ಟಿನಿಂದ ಗದ್ದೆಗೆ ಇಳಿದುಹೋಗುವ ನೀರು. ದೋಣಿಗಾಗಿ ಕಟ್ಟಿದ, ನೀರು ಬಹುಮಟ್ಟಿಗೆ ನಿಂತೇ ಇರುವ, ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಹತ್ತಿ ಇಳಿಯುವ ಕಾಲುವೆಯನ್ನು ಹೆಚ್ಚಿನವರು ಕಂಡಿಲ್ಲ. ಆದ್ದರಿಂದ ಲಾಕ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ನಿಮ್ಮ ಅಕ್ಕನವರ ಪಕ್ಕದಲ್ಲಿ ಕೂತೇ ಹೇಳಬೇಕು. ಕನಾಲ್ ದ್ಯು ಮಿದಿಯ ಹಳೆಯ ಲಾಕ್‌ಗಳ ಗೋಡೆಗಳು ನೇರವಾಗಿಲ್ಲ, ಎರಡೂ ಬದಿಗೆ ಉಬ್ಬಿ ಅಂಡಾಕಾರವಾಗಿವೆ. ಆರಂಭದಲ್ಲಿ ನೇರವಾಗಿ ಕಟ್ಟಿದ ಗೋಡೆ ಕುಸಿದ ಮೇಲೆ, ಹಿಂದಿನ ಮಣ್ಣಿನ ಒತ್ತಡವನ್ನು ತಡೆಯಲು ಕಮಾನಿನ ಹಾಗೆ ಬಾಗಿಸಿ ಕಟ್ಟಿದರು. ದೋಣಿ ಕೆಳಮಟ್ಟದಿಂದ ಒಳಗೆ ಬಂದ ಮೇಲೆ ಹಿಂದಿನ ಜೋಡಿಬಾಗಿಲು ಮುಚ್ಚುತ್ತದೆ. ಮುಂದಿನ ಬಾಗಿಲಿನ ಕೆಳಭಾಗದ ತೂಬನ್ನು ತೆರೆದಾಗ ಮೇಲಿನ ನೀರು ರಭಸದಿಂದ ನುಗ್ಗಿ ದೋಣಿಯನ್ನು ಓಲಾಡಿಸುತ್ತದೆ. ದೋಣಿಯವರು ದಡದ ಗೂಟಕ್ಕೆ ಸುತ್ತಿದ ಹಗ್ಗವನ್ನು ದೋಣಿ ಏರಿದಂತೆಲ್ಲ ಎಳೆದುಕೊಳ್ಳುತ್ತಲೇ ಇರಬೇಕು. ಎರಡೂ ಕಡೆ ನೀರು ಸಮನಾಗುವವರೆಗೆ, ನೀರಿನ ಭಾರವೇ ಬಾಗಿಲನ್ನು ಒತ್ತಿ ಹಿಡಿದಿರುತ್ತದೆ. ಯಾರು ನೂಕಿದರೂ ಅದು ತೆರೆಯುವುದಿಲ್ಲ. ಇದನ್ನೆಲ್ಲ ನೀವು ಎದುರಿಗೇ ಕಂಡಿದ್ದೀರಿ, ಫೋಟೊದಲ್ಲಿ ಹಗ್ಗ ಹಿಡಿದ ಹೆಂಗಸಿನ ಬಿಗಿದ ಕೈಗಳೂ ಕಾಣುತ್ತಿವೆ, ಆದರೆ ಬರಹದಲ್ಲಿ ಒಂದಕ್ಷರವೂ ಇಲ್ಲ.

ಇದನ್ನು ವಿವರಿಸಿದ ಕೂಡಲೇ ಓದುಗರಿಗೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಪ್ರತಿ ದೋಣಿ ದಾಟಿದಾಗಲೂ ಒಂದು ಲಾಕ್ ತುಂಬುವಷ್ಟು ನೀರು ಮೇಲಿನಿಂದ ಕೆಳಗೆ ಹೋಗುತ್ತದೆ. ಹಾಗಾದರೆ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ನೀರು ಎಲ್ಲಿಂದ ಬರಬೇಕು? ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗಳನ್ನು ಜೋಡಿಸುವ ಕಾಲುವೆಯ ಯೋಚನೆಗಳು ಮೊದಲೇ ಇದ್ದರೂ ಕಾರ್ಯಗತವಾಗದೆ ಉಳಿದದ್ದಕ್ಕೆ ಈ ಪ್ರಶ್ನೆ ದೊಡ್ಡ ಕಾರಣ. ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆ ಹಿಡಿದಿದ್ದ ಪಿಯರ್-ಪಾಲ್ ರಿಕೇ ಇದಕ್ಕೆ ಉತ್ತರ ಕಂಡುಕೊಂಡು ಮಂತ್ರಿ ಕೋಲ್ಬೇರ್‌ನನ್ನು ಒಪ್ಪಿಸಿದ. 1666ರಲ್ಲಿ ಹದಿನಾಲ್ಕನೆಯ ಲೂಯಿಯ ರಾಜಾಜ್ಞೆ ಹೊರಟಿತು. ಕರಿಬೆಟ್ಟವೆಂಬ ಅರ್ಥದ ಮೊಂತಾನ್ಯ್ ನ್ವಾರ್ ಬೆಟ್ಟಸಾಲಿನ ತೊರೆಗಳನ್ನು ಕಿರುಗಾಲುವೆಗಳಿಂದ ತಿರುಗಿಸಿ, ಸಾಂ-ಫೆರ್ರೆಯೋಲ್‌ನಲ್ಲಿ ದೊಡ್ಡ ಜಲಾಶಯವನ್ನು ಕಟ್ಟಿ, ಅಲ್ಲಿಂದ ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಿ, ಕಾಲುವೆಯ ಅತಿ ಎತ್ತರದ ಜಾಗವಾದ ನೊರೂಜ್ ಎಂಬ ತಗ್ಗುಕಣಿವೆಗೆ ತಂದರು. ಕಲ್ಲಿನ ಗೋಡೆಗಳ ನಡುವೆ ಮಣ್ಣು ತುಂಬಿದ ಆ ಕಟ್ಟೆಯನ್ನು ನಮ್ಮ ಕೆರೆಯ ಏರಿ ಮತ್ತು ತೂಬುಗಳನ್ನು ನೆನೆದು ವರ್ಣಿಸಿದರೆ ಕನ್ನಡದ ಓದುಗರಿಗೆ ಕೂಡಲೇ ಅರ್ಥವಾಗುತ್ತದೆ.

ನೊರೂಜ್ ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರದಲ್ಲಿದೆ. ಬೆಟ್ಟದಿಂದ ಬಂದ ನೀರು ಅಲ್ಲಿ ಕವಲೊಡೆದು ಒಂದು ಪಾಲು ತುಲೂಸ್ ಕಡೆಗೆ, ಅಲ್ಲಿಂದ ಅಟ್ಲಾಂಟಿಕ್‌ಗೆ ಹೋಗುತ್ತದೆ. ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೆ ಇಳಿಯುತ್ತದೆ. ಅಂದರೆ ತುಲೂಸ್‌ನಿಂದ ಅಲ್ಲಿಯವರೆಗೆ ನೀವು ನೀರಿಗೆ ಎದುರಾಗಿ, ಗೊತ್ತೇ ಆಗದಷ್ಟು ಮೆಲ್ಲನೆ ಏರುತ್ತಿದ್ದಿರಿ. ನಿಮ್ಮ ಅಕ್ಕನವರ ಪ್ರಶ್ನೆಗೆ ಉತ್ತರ ಸಿಕ್ಕುವ ಜಾಗ ಅದು. ಅಲ್ಲಿ ರಿಕೇಯ ವಂಶಸ್ಥರು ನಿಲ್ಲಿಸಿದ ಸ್ಮಾರಕಸ್ತಂಭವಿದೆ, ಹೂಳು ತುಂಬಿ ಕೈಬಿಟ್ಟ ಅಷ್ಟಕೋನದ ಹಳೆಯ ಕೊಳದ ಗುರುತಿದೆ. ನಿಮ್ಮ ಲೇಖನದಲ್ಲಿ ನೊರೂಜ್‌ಗೆ ಸಿಕ್ಕಿರುವುದು ‘ಊಟಕ್ಕೆ ನಿಂತೆವು, ನೆರಳು ಚೆನ್ನಾಗಿತ್ತು’ ಎಂಬ ಒಂದೇ ಸಾಲು. ಕಾರ್ಕಾಸೋನ್ ಕೋಟೆಗೆ ಒಂದೂವರೆ ಪುಟ ಸಿಕ್ಕಿದೆ. ಕೋಟೆಯ ಬಗ್ಗೆ ಯಾವ ಪ್ರವಾಸ ಕೈಪಿಡಿಯಾದರೂ ಹೇಳುತ್ತದೆ. ನಿಮ್ಮ ವಿಷಯಕ್ಕೆ ಸೇರಿದ ಸಂಗತಿಯೆಂದರೆ, ಹಣ ಕೊಡಲು ಊರು ಒಪ್ಪದ ಕಾರಣ ಕಾಲುವೆ ಮೊದಲು ಕಾರ್ಕಾಸೋನ್‌ನಿಂದ ದೂರವೇ ಹಾದುಹೋಗಿತ್ತು, 1810ರ ಹೊತ್ತಿಗೆ ಅದನ್ನು ಊರಿನ ಬಳಿಗೆ ತಿರುಗಿಸಲಾಯಿತು. ಆ ಒಂದೂವರೆ ಪುಟವನ್ನು ತೆಗೆದು ನೊರೂಜ್‌ಗೆ ಕೊಡಿ.

ಇನ್ನು ತಪ್ಪುಗಳ ವಿಷಯ. ‘1681ರಲ್ಲಿ ರಿಕೇ ತನ್ನ ಕಾಲುವೆಯನ್ನು ಉದ್ಘಾಟಿಸಿದ’ ಎಂದು ಬರೆದಿದ್ದೀರಿ. ಅವನು 1680ರ ಅಕ್ಟೋಬರ್‌ನಲ್ಲೇ ತೀರಿಕೊಂಡಿದ್ದ. ತನ್ನ ಆಸ್ತಿಯನ್ನೂ ತೊಡಗಿಸಿ ಸಾಲ ಮಾಡಿ ಕಟ್ಟಿಸಿದ ಕಾಲುವೆಯಲ್ಲಿ ದೋಣಿಗಳು ಪೂರ್ತಿ ದೂರ ಸಾಗಿದ್ದನ್ನು ಅವನು ನೋಡಲಿಲ್ಲ. ಲ ಸೊಮಾಯ್‌ನಿಂದ ಕಾಪೆಸ್ತಾಂವರೆಗೆ ‘ಒಂದಾದ ಮೇಲೊಂದು ಲಾಕ್ ದಾಟುತ್ತಾ’ ಹೋದಿರೆಂಬುದೂ ಸಾಧ್ಯವಿಲ್ಲ. ಆರ್ಜಾಂ ಲಾಕ್ ದಾಟಿದ ಮೇಲೆ ಬೆಜಿಯೇ ಊರಿನ ಫೊನ್ಸೆರಾನ್‌ವರೆಗೆ ಸುಮಾರು 54 ಕಿಲೋಮೀಟರ್ ಉದ್ದಕ್ಕೂ ಒಂದೇ ಒಂದು ಲಾಕ್ ಇಲ್ಲ. ನೀರಿನ ಮಟ್ಟವನ್ನು ಒಂದೇ ಸಮನೆ ಇಟ್ಟುಕೊಳ್ಳಲು ಕಾಲುವೆ ದ್ರಾಕ್ಷಿತೋಟಗಳ ದಿಬ್ಬಗಳನ್ನು ಬಳಸಿ ಬಳಸಿ ಸಾಗುತ್ತದೆ, ಮಾಲ್ಪಾ ಎಂಬಲ್ಲಿ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ಹಾಯುತ್ತದೆ. ‘ಕಾಪೆಸ್ತಾಂನ ಚರ್ಚಿನ ಗೋಪುರ ಕಂಡರೂ ಊರು ಮಾತ್ರ ಬರಲೊಲ್ಲದು’ ಎಂದು ನೀವು ಬೇಸರದಿಂದ ಬರೆದ ಸಾಲಿಗೆ ಕಾರಣ ಇದೇ. ಸಾಲನ್ನು ಉಳಿಸಿ, ಕಾರಣವನ್ನು ಸೇರಿಸಿ, ಇಲ್ಲದ ಲಾಕ್‌ಗಳನ್ನು ತೆಗೆಯಿರಿ. ಈ ಸಮತಟ್ಟಾದ ದೂರ ಮುಗಿದ ಕೂಡಲೇ ಫೊನ್ಸೆರಾನ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಲಾಕ್‌ಗಳ ಸಾಲಿನಲ್ಲಿ ದೋಣಿಗಳು ಇಪ್ಪತ್ತೊಂದೂವರೆ ಮೀಟರ್ ಕೆಳಗಿಳಿಯುವುದನ್ನು ನಿಮ್ಮ ಅಕ್ಕ ನೋಡಿದಾಗ ಏನೆಂದರು? ಅದನ್ನು ತಿಳಿಯುವ ಕುತೂಹಲ ನನಗಿದೆ.

ಮರಗಳ ವಿಷಯದಲ್ಲಿ ನಿಮ್ಮ ಬರಹಕ್ಕಿಂತ ನಿಮ್ಮ ಕ್ಯಾಮೆರಾ ಹೆಚ್ಚು ಪ್ರಾಮಾಣಿಕವಾಗಿದೆ. ‘ರಿಕೇಯ ಕಾಲದಿಂದ ನಿಂತಿರುವ ಪ್ಲೇನ್ ಮರಗಳ ಹಸಿರು ಕಮಾನಿನಡಿ ಕೊನೆಯವರೆಗೂ ಸಾಗಿದೆವು’ ಎಂದಿದ್ದೀರಿ. ಆ ಮರಗಳಲ್ಲಿ ಹೆಚ್ಚಿನವು 19ನೆಯ ಶತಮಾನದಲ್ಲಿ ನೆಟ್ಟವು. 2006ರಲ್ಲಿ ತ್ರೆಬ್ ಊರಿನ ಆಸುಪಾಸಿನಲ್ಲಿ ಮಾರಕ ಶಿಲೀಂಧ್ರ ರೋಗವೊಂದು ಪತ್ತೆಯಾಯಿತು. ಗಾಯಗಳ ಮೂಲಕವೂ ನೆಲದೊಳಗೆ ತಾಗಿಕೊಂಡ ಬೇರುಗಳ ಮೂಲಕವೂ ಹರಡುವ ಅದಕ್ಕೆ ಮದ್ದಿಲ್ಲದ ಕಾರಣ, ಸುಮಾರು 42,000 ಪ್ಲೇನ್ ಮರಗಳಿದ್ದ ದಂಡೆಯಲ್ಲಿ ಸಾವಿರಾರು ಮರಗಳನ್ನು ಕಡಿದು ಸುಟ್ಟು, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ತ್ರೆಬ್ ಬಳಿ ನೀವು ತೆಗೆದ ಫೋಟೊದಲ್ಲಿ ಬೋಳು ದಂಡೆ, ಊರುಗೋಲಿಗೆ ಕಟ್ಟಿದ ಎಳೆಯ ಸಸಿಗಳು, ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡ ನಿಮ್ಮ ಅಕ್ಕ ಇದ್ದಾರೆ. ಆ ಬಿಸಿಲಿನಲ್ಲಿ ಸೈಕಲ್ ತುಳಿದವರು ನೀವು. ನೆರಳಿಲ್ಲದ ಹಾದಿಯನ್ನು ನೆರಳಿಲ್ಲದ ಹಾಗೆಯೇ ಬರೆಯಿರಿ.

ನಿಮ್ಮ ಲೇಖನ ಓದಿ ಹೊರಡುವವರು ಇರುತ್ತಾರೆ. ಬೆಂಗಳೂರಿನವರಿರಬಹುದು, ಯುರೋಪಿನಲ್ಲೇ ನೆಲೆಸಿದ ಕನ್ನಡಿಗರಿರಬಹುದು. ‘ಹಾದಿ ಪೂರ್ತಿ ಸಮತಟ್ಟು, ಯಾವ ಸೈಕಲ್ ಆದರೂ ಸಾಕು’ ಎಂಬ ಸಲಹೆಯನ್ನು ಅವರು ನಂಬುತ್ತಾರೆ. ತುಲೂಸ್‌ನಿಂದ ಸುಮಾರು 50 ಕಿಲೋಮೀಟರ್‌ವರೆಗೆ ಡಾಂಬರು ಹಾದಿಯಿದೆ. ಅದರಾಚೆ ಎಷ್ಟೋ ಕಡೆ ಬೇರುಗಳೆದ್ದ ಮಣ್ಣಿನ ಕಾಲುದಾರಿ, ಮಳೆ ಬಂದರೆ ಕೆಸರು. ತೆಳು ಟೈರಿನ ಸೈಕಲ್ ಅಲ್ಲಿ ಕಷ್ಟ. ಆ ಸೀಮೆಯಲ್ಲಿ ವಾಯವ್ಯದಿಂದ ಸೇರ್ಸ್ ಗಾಳಿಯೂ ಆಗ್ನೇಯದಿಂದ ಒತಾಂ ಗಾಳಿಯೂ ಜೋರಾಗಿ ಬೀಸುತ್ತವೆ. ಎರಡನೆಯದು ಎದುರಾದರೆ ಸಮತಟ್ಟು ಹಾದಿಯೂ ಏರುದಾರಿಯೇ. ಕಾಸ್ತೆಲ್ನೊದಾರಿಯ ಕಾಸುಲೆಯನ್ನು ‘ಬೀನ್ಸ್ ಕಾಳಿನ ಖಾದ್ಯ’ ಎಂದಷ್ಟೇ ಹೇಳಿ ಬಿಡಬೇಡಿ. ಅದರಲ್ಲಿ ಹಂದಿಮಾಂಸವೂ ಬಾತುಕೋಳಿಯೂ ಇರುತ್ತವೆ, ಸಸ್ಯಾಹಾರಿ ಓದುಗರಿಗೆ ಇದು ಮೊದಲೇ ತಿಳಿಯಬೇಕು.

ಎರಡನೆಯ ಪುಟದಲ್ಲಿ ಕಾಲುವೆಯ ಉದ್ದ 240 ಕಿಲೋಮೀಟರ್, ಯುನೆಸ್ಕೊ ಪಟ್ಟಿಗೆ ಸೇರಿದ ವರ್ಷ 1996 ಎಂದೆಲ್ಲ ಒಟ್ಟಿಗೆ ಸುರಿದಿರುವ ಪ್ಯಾರಾವನ್ನು ಒಡೆದುಹಾಕಿ. ಅಂಕಿಸಂಖ್ಯೆ ಬೇಕು, ಆದರೆ ಓದುಗರಿಗೆ ಪ್ರಶ್ನೆ ಹುಟ್ಟಿದ ಜಾಗದಲ್ಲಿ ಬರಲಿ. ದಿನಚರಿಯ ಕ್ರಮವನ್ನೂ ಕೈಬಿಡಬಹುದು. ಮೊದಲ ದಿನಕ್ಕೆ ಅರ್ಧ ಲೇಖನ ಹೋದರೂ ಚಿಂತೆಯಿಲ್ಲ, ಏನೂ ಕಾಣದ ದಿನಕ್ಕೆ ಒಂದು ಸಾಲೂ ಬೇಡ. ನಿಮ್ಮ ಅಕ್ಕನವರಿಗೆ ಇನ್ನಷ್ಟು ಮಾತು ಕೊಡಿ; ನಿಮ್ಮಿಬ್ಬರಲ್ಲಿ ಹೆಚ್ಚು ಗಮನವಿಟ್ಟು ನೋಡಿದವರು ಅವರೇ ಎಂದು ಓದುವಾಗ ಅನ್ನಿಸುತ್ತದೆ, ಅದನ್ನು ಮರೆಮಾಚದೆ ಬರೆದಿರುವುದು ನಿಮ್ಮ ದೊಡ್ಡ ಗುಣ.

ಹೊಸ ಪ್ರತಿ ಎರಡು ಸಾವಿರ ಪದಗಳನ್ನು ಮೀರದಿರಲಿ. ಫೋಟೊಗಳಲ್ಲಿ ಮೊಂಜಿಸ್ಕಾರ್ ಲಾಕ್‌ನದೂ ತ್ರೆಬ್ ದಂಡೆಯದೂ ನಮಗೆ ಬೇಕು, ಕೋಟೆಯವು ಬೇಡ. ಊರುಗಳ ಹೆಸರನ್ನು ಅಲ್ಲಿನವರು ಹೇಳುವುದನ್ನು ಕೇಳಿದ ಹಾಗೆಯೇ ಕನ್ನಡದಲ್ಲಿ ಬರೆದು, ಎಲ್ಲ ಕಡೆ ಒಂದೇ ರೀತಿ ಇಟ್ಟುಕೊಳ್ಳಿ. ಸಿದ್ಧವಾದ ಮೇಲೆ ವಿಭಾಗದ ವಿಳಾಸಕ್ಕೆ ಬೇಡ, ನೇರವಾಗಿ ನನಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ, ಪ್ರವಾಸ ವಿಭಾಗ