ಕಾಸರಗೋಡಿನ ಕನ್ನಡಿಗರಿಗೆ ಕೆಲಸ ಎಲ್ಲಿದೆ?

ಬದಿಯಡ್ಕದಲ್ಲಿ ನೆಲೆಸಬಹುದಾದ ನಿಮ್ಮ ಅಕ್ಕನ ಮಗಳ ಸಲುವಾಗಿ, ‘ನಿಮ್ಮ ಕಡೆಯ ಹುಡುಗರೆಲ್ಲ ಮಂಗಳೂರಿಗೆ ಹೋಗಿಯೇ ಬದುಕಬೇಕೇ’ ಎಂದು ಕೇಳಿದ್ದೀರಿ. ಹಾಗೇನಿಲ್ಲ. ನಮ್ಮ ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ದುಡಿಯುವವರಿಗೆ ಕೆಲಸವಿದೆ. ಆದರೆ ಇಲ್ಲಿ ಯಾವ ಕ್ಷೇತ್ರ ಹಿಡಿಯುತ್ತೀರಿ ಎನ್ನುವುದರ ಜೊತೆಗೆ ಯಾವ ಭಾಷೆಯಲ್ಲಿ ದಿನ ಕಳೆಯುತ್ತೀರಿ ಎನ್ನುವುದೂ ತೀರ್ಮಾನವಾಗಿಬಿಡುತ್ತದೆ. ಬೆಂಗಳೂರಿನಲ್ಲಿರುವ ನಿಮಗೆ ಈ ಲೆಕ್ಕ ಬೇಗ ಹೊಳೆಯಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದಿನಿಂದ ಕೇರಳ. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ತಿರುವನಂತಪುರಕ್ಕೆ ಹೋದರೂ ಆಸ್ಪತ್ರೆ, ಕಾಲೇಜು, ಸಗಟು ಪೇಟೆ ಎಲ್ಲಕ್ಕೂ ನಮಗೆ ಪಟ್ಟಣವೆಂದರೆ ಮಂಗಳೂರೇ. ಬೆಳಗಿನ ರೈಲಿನಲ್ಲಿ ಸೀಸನ್ ಟಿಕೆಟ್ ಹಿಡಿದು ಕುಂಬಳೆಯಲ್ಲೋ ಉಪ್ಪಳದಲ್ಲೋ ಹತ್ತುವವರನ್ನು ನೋಡಿದರೆ ಸಾಕು: ಬಟ್ಟೆ ಅಂಗಡಿಯ ಹುಡುಗಿಯರು, ಲ್ಯಾಬಿನವರು, ಬ್ಯಾಂಕಿನವರು, ಮಂಗಳೂರಿನ ಬಳಿಯ ದೇರಳಕಟ್ಟೆಯ ಆಸ್ಪತ್ರೆಗಳ ದಾದಿಯರು. ಖಾಸಗಿ ಕ್ಷೇತ್ರದ ಕೆಲಸಕ್ಕೆ ಉತ್ತರ ದಿಕ್ಕೇ ಗತಿ. ಆ ಗತಿ ಎಷ್ಟು ಸೂಕ್ಷ್ಮವಾದದ್ದು ಎಂದು 2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ಗೊತ್ತಾಯಿತು. ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದರು, ಹೆದ್ದಾರಿಯ ತಲಪಾಡಿ ಗಡಿ ಮುಚ್ಚಿತು. ಡಯಾಲಿಸಿಸ್ ರೋಗಿಗಳಿಗೂ ದಾರಿಯಿಲ್ಲ, ದಿನಾ ಹೋಗಿ ಬರುತ್ತಿದ್ದ ನೌಕರರಿಗೂ ದಾರಿಯಿಲ್ಲ. ಸಂಬಳ ನಿಂತ ಎಷ್ಟೋ ಮನೆಗಳು ನಮ್ಮ ಸುತ್ತಮುತ್ತಲೇ ಇದ್ದವು. ಮನೆ ಕೇರಳದಲ್ಲಿ, ಅನ್ನ ಕರ್ನಾಟಕದಲ್ಲಿ ಎಂದರೆ ಏನೆಂಬುದು ಆಗ ಮಕ್ಕಳಿಗೂ ಅರ್ಥವಾಯಿತು.

ಕೊಲ್ಲಿ ದೇಶಗಳ ಮಾತು ನಿಮಗೆ ಗೊತ್ತಿರುವುದೇ. ಉಪ್ಪಳ, ಕುಂಬಳೆಯ ಹೊಸ ಮನೆಗಳಲ್ಲಿ ಬಹಳಷ್ಟು ದುಬೈ ದುಡ್ಡಿನವು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ತಲೆಮಾರು ಈಗ ಮುದಿಯಾಗುತ್ತಿದೆ. ಅವರ ಹೆಣ್ಣುಮಕ್ಕಳು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಮೆಟ್ಟಿಲು ಹತ್ತುವುದಿಲ್ಲ, ಹತ್ತಬೇಕಾಗಿಯೂ ಇಲ್ಲ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಸೀತಾಂಗೋಳಿಯ ಎಚ್‌ಎಎಲ್ ಘಟಕ ಇವೆಲ್ಲ ಇವೆ. ಆದರೆ ಅಲ್ಲಿ ಊರಿನವರಿಗೆ ಸಿಗುವ ಹುದ್ದೆ ಕಡಿಮೆ.

ಕೈತುಂಬ ಕೆಲಸವಿದ್ದೂ ಜನ ಸಿಗದ ಕ್ಷೇತ್ರ ಅಡಿಕೆ ತೋಟ. ಅಡಿಕೆ ಮಾರಲು ನಮಗೆ ತೊಂದರೆಯಿಲ್ಲ. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದೆ, ಖಾಸಗಿ ವ್ಯಾಪಾರಿಗಳೂ ಇದ್ದಾರೆ. ಬೇಕಾಗಿರುವುದು ಮರ ಹತ್ತುವವರು. ಮಳೆಗಾಲಕ್ಕೆ ಮುಂಚೆ ಕೊಳೆರೋಗ ಬಾರದಂತೆ ಮದ್ದು ಬಿಡಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಳೆಗೆ, ಅಂದರೆ ಮರ ಹತ್ತಲು ಕಾಲಿಗೆ ಹಾಕುವ ಬಳೆಗೆ, ಕಾಲು ಕೊಟ್ಟು ಮೇಲೇರಿದವನು ಒಂದು ಮರದಿಂದಲೇ ಸುತ್ತಲಿನ ಮರಗಳ ಗೊನೆಗಳಿಗೂ ಮದ್ದು ತಾಗಿಸಬಲ್ಲ. ಸುಮಾರು ನಲವತ್ತು ದಿನಕ್ಕೆ ಎರಡನೇ ಸಲ ಬಿಡಬೇಕು, ಅದೂ ಆಟಿ (ಆಷಾಢದ ಹೊತ್ತಿನ ತುಳು) ತಿಂಗಳಲ್ಲಿ ಮಳೆ ಬಿಡುವು ಕೊಟ್ಟಾಗ. ಆ ಬಿಡುವು ಎಲ್ಲರ ತೋಟಕ್ಕೂ ಒಂದೇ ಸಲ ಬರುತ್ತದೆ, ಹತ್ತುವವರು ಮಾತ್ರ ನಾಲ್ಕೈದು ಊರಿಗೆ ಒಂದಿಬ್ಬರು. ಅವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ. ಬಿದ್ದರೆ ಬದುಕೇ ಮುಗಿಯುವ ಕೆಲಸಕ್ಕೆ ವಿಮೆಯೂ ಮರ್ಯಾದೆಯೂ ಇಲ್ಲದಿದ್ದರೆ ಯಾರು ಬರುತ್ತಾರೆ? ತೆಂಗು ಅಭಿವೃದ್ಧಿ ಮಂಡಳಿ ತೆಂಗಿನ ಮರ ಹತ್ತುವವರಿಗೆ ತರಬೇತಿ ಕೊಟ್ಟು ವಿಮೆ ಮಾಡಿಸುತ್ತದೆ. ಅಡಿಕೆಗೂ ಊರೂರಿನ ಸಹಕಾರಿ ಸಂಘಗಳು ಅಂಥದ್ದನ್ನು ಗಟ್ಟಿಯಾಗಿ ಕೈಗೆತ್ತಿಕೊಳ್ಳಬೇಕು. ಉದ್ದದ ಕಾರ್ಬನ್ ಫೈಬರ್ ದೋಟಿ (ಗೊನೆ ಕೊಯ್ಯುವ ಕೋಲು) ಬಂದ ಮೇಲೆ ನೆಲದಲ್ಲೇ ನಿಂತು ಗೊನೆ ತೆಗೆಯಬಹುದು. ದೋಟಿ ಹಿಡಿಯಲು ಕಲಿತ ಹುಡುಗ ನಗರದ ಅಂಗಡಿಯ ಸಂಬಳಕ್ಕಿಂತ ಹೆಚ್ಚು ದುಡಿಯುತ್ತಾನೆ, ಭಾಷೆಯನ್ನೂ ಬದಲಿಸಬೇಕಾಗಿಲ್ಲ.

ಇನ್ನು ಸರ್ಕಾರಿ ಕೆಲಸ. ನನಗೆ ಬಹಳ ಮುಖ್ಯವೆನಿಸುವುದು ಇದೇ. ಕಾಸರಗೋಡು ಜಿಲ್ಲೆಗೆಂದೇ ಕೇರಳ ಲೋಕಸೇವಾ ಆಯೋಗ ‘ಕನ್ನಡ ಮತ್ತು ಮಲಯಾಳಂ ಬಲ್ಲ’ ಗುಮಾಸ್ತ ಹುದ್ದೆಗಳಿಗೂ ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗಳಿಗೂ ಬೇರೆಯಾಗಿ ಅರ್ಜಿ ಕರೆಯುತ್ತದೆ. ಹುದ್ದೆಗಳು ಹೆಚ್ಚಿಲ್ಲ. ಆದರೆ ತೀರ್ವೆ (ಭೂಕಂದಾಯ) ಕಟ್ಟಲು ವಿಲೇಜ್ ಆಫೀಸಿಗೆ ಬಂದ ಅಜ್ಜಿ ಮಲಯಾಳಂ ನಮೂನೆಯನ್ನು ಕೈಯಲ್ಲಿ ಹಿಡಿದು ಸುತ್ತ ನೋಡುವಾಗ, ‘ಬನ್ನಿ ಅಜ್ಜಿ, ಇಲ್ಲಿ ಸಹಿ ಹಾಕಿ’ ಎನ್ನುವವರೊಬ್ಬರು ಮೇಜಿನ ಆಚೆ ಇದ್ದಾರೆಯೇ ಎನ್ನುವುದು ಈ ಹುದ್ದೆಗಳಿಂದಲೇ ನಿರ್ಧಾರವಾಗುತ್ತದೆ. ಶಾಲೆಯದ್ದು ಇನ್ನೂ ನೋವಿನ ವಿಷಯ. ಕನ್ನಡ ಬಾರದ ಶಿಕ್ಷಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬಂದಾಗ ಮಕ್ಕಳೂ ಪೋಷಕರೂ ಬೀದಿಗಿಳಿದದ್ದು ಒಂದೆರಡು ಸಲವಲ್ಲ. ಅರ್ಹ ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿ ಆಯೋಗದ ರ‍್ಯಾಂಕ್ ಪಟ್ಟಿಯಲ್ಲಿದ್ದರೆ ನಮ್ಮ ಹಕ್ಕೊತ್ತಾಯಕ್ಕೂ ಬಲ ಬರುತ್ತದೆ.

ಆದುದರಿಂದ ನಿಮ್ಮ ಅಕ್ಕನ ಮಗಳು ಬದಿಯಡ್ಕದಲ್ಲೇ ನೆಲೆಸುವುದಾದರೆ ಇಷ್ಟು ಹೇಳಿ: ಮಲಯಾಳಂ ಓದಲು ಬರೆಯಲು ಕಲಿಯಲಿ, ಅದರಿಂದ ಕನ್ನಡಕ್ಕೆ ಯಾವ ನಷ್ಟವೂ ಇಲ್ಲ. ಆಯೋಗದ ಜಾಲತಾಣದಲ್ಲಿ ಅರ್ಜಿ ಹಾಕಲು ಬೇಕಾದ ‘ತುಳಸಿ’ ಖಾತೆ ತೆರೆಯಲಿ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಪಡೆಯುವ ಅವಕಾಶವಿರುವಲ್ಲಿ ಅದನ್ನೇ ಆರಿಸಿಕೊಳ್ಳಲಿ, ಯಾರೂ ಕೇಳದಿದ್ದರೆ ಆ ಸೌಲಭ್ಯ ಯಾರಿಗೂ ನೆನಪಿರುವುದಿಲ್ಲ. ಅರ್ಜಿ ಹಾಕಿ ಸುಮ್ಮನಿರಬಾರದು, ಪರೀಕ್ಷೆಗೆ ಮೊದಲು ‘ಬರೆಯುತ್ತೇನೆ’ ಎಂದು ಅದೇ ಖಾತೆಯಲ್ಲಿ ದೃಢೀಕರಿಸಬೇಕು. ತಪ್ಪಿದರೆ ಪ್ರವೇಶಪತ್ರ ಬರುವುದಿಲ್ಲ. ರ‍್ಯಾಂಕ್ ಪಟ್ಟಿ ಸಾಮಾನ್ಯವಾಗಿ ಹೆಚ್ಚೆಂದರೆ ಮೂರು ವರ್ಷ ಜೀವಂತವಿರುತ್ತದೆ. ಹೆಸರು ಕೆಳಗಿದ್ದರೂ ಕಾಯಬಹುದು. ಅಷ್ಟರಲ್ಲಿ ಮಂಗಳೂರಿನ ಯಾವುದಾದರೂ ಕೆಲಸಕ್ಕೆ ಬೆಳಗಿನ ರೈಲು ಹಿಡಿದರೂ ಅಡ್ಡಿಯಿಲ್ಲ, ನಮ್ಮಲ್ಲಿ ಬಹಳ ಮಂದಿ ಹಾಗೇ ಮಾಡುತ್ತಾರೆ.