ಹಳೇ ಕಾಲದ ಹಾಗೆ ಮಣ್ಣಿನ ಮನೆ ಕಟ್ಟಿದರೆ ಖರ್ಚು ಅರ್ಧ ಉಳಿಯುತ್ತದಾ?

ನಿಮ್ಮ ಪ್ರಶ್ನೆ ಇಷ್ಟು ತಾನೇ: ಮಲೆನಾಡಿನಲ್ಲಿ ಅಜ್ಜನ ಕಾಲದ ಜಾಗ ಇದೆ, ಕೆಲಸ ಬೆಂಗಳೂರಲ್ಲಿ, ಮಣ್ಣಿನ ಗೋಡೆ, ಹೆಂಚಿನ ಮಾಡು ಹಾಕಿ ಮನೆ ಕಟ್ಟಿದರೆ ಅರ್ಧ ದುಡ್ಡು ಉಳಿಯುತ್ತದಂತೆ, ನಿಜವಾ? ಮನೆ ಖಂಡಿತ ಕಟ್ಟಬಹುದು. ದುಡ್ಡು ಉಳಿಯುವ ಮಾತು ಮಾತ್ರ ಬಿಟ್ಟುಬಿಡಿ. ನಾನು ತೀರ್ಥಹಳ್ಳಿ ಕಡೆ ಹತ್ತು ಚದರದ (ಒಂದು ಚದರ ಅಂದರೆ ನೂರು ಚದರ ಅಡಿ) ಮನೆ ಹೀಗೇ ಕಟ್ಟಿಕೊಂಡು ಅದರಲ್ಲಿ ಏಳು ಮಳೆಗಾಲ ಕಳೆದಿದ್ದೇನೆ. ಆಗುಂಬೆ ನಮ್ಮ ತಾಲೂಕೇ. ಮಳೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಣ್ಣು ಪುಕ್ಕಟೆ ಅನ್ನುತ್ತಾರಲ್ವಾ, ಲೆಕ್ಕ ನೋಡಿ. ನನ್ನ ಮನೆ 40 ಅಡಿ ಉದ್ದ, 25 ಅಡಿ ಅಗಲ. ಹೊರಗೋಡೆ ಒಂದೂವರೆ ಅಡಿ ದಪ್ಪ, 9 ಅಡಿ ಎತ್ತರ. ಬರೀ ಹೊರಗೋಡೆಗೇ ಸುಮಾರು 1,700 ಘನ ಅಡಿ ಮಣ್ಣು ಬೇಕು. ಅಗೆದ ಸಡಿಲ ಮಣ್ಣು ಅಂದರೆ ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಲೋಡ್ ದಾಟುತ್ತದೆ. ಅದನ್ನು ಅಗೆಯಬೇಕು, ನೆನೆಹಾಕಬೇಕು, ತುಳಿಯಬೇಕು, ಗೋಡೆ ಮೇಲಕ್ಕೆ ಎತ್ತಿ ಕೊಡಬೇಕು. ಮಣ್ಣಿಗೆ ದುಡ್ಡಿಲ್ಲ, ಆಳಿಗೆ ಇದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಹೋಲಿಸಿದರೆ ಈ ದಪ್ಪ ಗೋಡೆ ಹತ್ತಿರ ಹತ್ತಿರ ಒಂದು ಚದರ ಒಳಜಾಗವನ್ನು ನುಂಗುತ್ತದೆ. ಒಂದು ಸಣ್ಣ ಕೋಣೆ ಹೋಯಿತು ಅಂತಲೇ ಲೆಕ್ಕ.

ನಿಜವಾದ ಖರ್ಚು ಮಾಡಿನದು. ಸುತ್ತ ಮೂರು ಅಡಿ ಸೂರು ಬಿಟ್ಟು, ನೀರು ಓಡುವಷ್ಟು ಇಳಿಜಾರು ಕೊಟ್ಟರೆ ಇಷ್ಟು ಮನೆಗೆ ಎರಡೂವರೆ ಸಾವಿರ ಮಂಗಳೂರು ಹೆಂಚು ಬೇಕು. ಹೆಂಚಾದರೂ ಪರವಾಗಿಲ್ಲ, ಅದನ್ನು ಹೊರುವ ಮರದ ತೊಲೆ, ಪಕಾಸು (ಇಳಿಜಾರಿನ ಉದ್ದಕ್ಕೆ ಹಾಕುವ ಮರ), ರೀಪಿನ (ಹೆಂಚು ಕೂರುವ ಪಟ್ಟಿ) ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಿಮ್ಮದೇ ತೋಟದ ಮರ ಅಂದರೂ ಕೆಲವು ಜಾತಿಯದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾನು ಕೊನೆಗೆ ಬಿಚ್ಚುತ್ತಿದ್ದ ಒಂದು ಹಳೇ ಮನೆಯ ಮರವನ್ನೇ ಕೊಂಡೆ. ಅಷ್ಟಾದರೂ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಡಿಗೇ ಹೋಯಿತು.

ಅಂದ ಹಾಗೆ, 'ಅಪ್ಪಟ ಸಾಂಪ್ರದಾಯಿಕ' ಅಂತ ಹಠ ಹಿಡಿಯಬೇಡಿ. ಮಂಗಳೂರು ಹೆಂಚೇ ಕಾರ್ಖಾನೆ ಸಾಮಾನು, 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ್ದು. ಅದಕ್ಕೂ ಮೊದಲು ಇದ್ದದ್ದು ಸೋಗೆ, ಹುಲ್ಲು, ಇಲ್ಲವೇ ನಾಡಹೆಂಚು. ನಮ್ಮ ಮನೆಯ ಬಚ್ಚಲು, ಕಕ್ಕಸು ಎರಡನ್ನೂ ನಾನು ಜಂಬಿಟ್ಟಿಗೆ ಕಲ್ಲು, ಸಿಮೆಂಟಿನಲ್ಲೇ ಕಟ್ಟಿಸಿದ್ದೇನೆ. ದಿನಾ ನೀರು ಬೀಳುವ ಜಾಗಕ್ಕೆ ಮಣ್ಣಿನ ಗೋಡೆ ಕಟ್ಟಿ ಯಾರಿಗೆ ಏನು ತೋರಿಸಬೇಕು?

ಈಗ ಗೋಡೆ. ಮೇಲಿನ ಕಪ್ಪು ಮಣ್ಣು, ಬೇರು ಕಸ ಇರುವುದು, ಗೊಬ್ಬರಕ್ಕೆ ಸರಿ, ಗೋಡೆಗೆ ಬೇಡ. ಅದನ್ನು ಕೆರೆದು ಬದಿಗಿಟ್ಟು ಅದರ ಕೆಳಗಿನ ಕೆಂಪು ಮಣ್ಣು ತೆಗೆಯಬೇಕು. ಜೇಡಿ ಜಾಸ್ತಿಯಾದರೆ ಒಣಗುವಾಗ ಬಿರುಕು, ಕಮ್ಮಿಯಾದರೆ ಉದುರು. ಕಲ್ಲಿನ ಪಂಚಾಂಗ, ಅಂದರೆ ತಳಪಾಯ, ನೆಲದಿಂದ ಎರಡು ಅಡಿಯಾದರೂ ಮೇಲೆ ಬರಲಿ, ಸೂರಿನ ನೀರು ನೆಲಕ್ಕೆ ಬಿದ್ದು ಎರಚುವುದು ಗೋಡೆಗೆ ತಾಗಬಾರದು. ತುಳಿದ ಮಣ್ಣನ್ನು ಒಂದು ಸಲಕ್ಕೆ ಒಂದೂವರೆ ಅಡಿ ಎತ್ತರ ಸುತ್ತಲೂ ಹಾಕಿ, ಅದು ಬಿಗಿಯುವವರೆಗೆ ಬಿಡಬೇಕು. ಆಮೇಲೆ ಮುಂದಿನ ಸುತ್ತು. ಒಟ್ಟು ಆರು ಸುತ್ತು. ನಾನು ಮೂರನೆಯದಕ್ಕೆ ಅವಸರ ಮಾಡಿದೆ, ಕೆಳಗಿನದು ಇನ್ನೂ ಹಸಿ ಇತ್ತು, ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಹೊಟ್ಟೆ ಬಿಟ್ಟಿತ್ತು. ಇಡೀ ಸುತ್ತು ಕೆಡವಿ ಮತ್ತೆ ತುಳಿದೆವು.

ಅವಸರ ಯಾಕೆ ಅಂದರೆ, ಮಣ್ಣಿನ ಕೆಲಸಕ್ಕೆ ಸರಿಯಾದ ಕಾಲ ದೀಪಾವಳಿ ಆದಮೇಲೆ, ಅಡಿಕೆ ಕೊಯ್ಲೂ ಅದೇ ಹೊತ್ತಿಗೆ! ಅಡಿಕೆ ಗೊನೆ ಕೊಯ್ಯಲು, ಸುಲಿಯಲು ಊರಿನ ಆಳುಗಳೆಲ್ಲ ಹೋದರೆ ನಿಮ್ಮ ಮಣ್ಣು ತುಳಿಯುವವರು ಯಾರು? ನನ್ನ ಕೆಲಸ ಒಂದೂವರೆ ತಿಂಗಳು ನಿಂತಿತ್ತು. ಇತ್ತ ಮೃಗಶಿರ ಮಳೆ ಹಿಡಿಯುವುದರೊಳಗೆ ಹೆಂಚು ಹೊದಿಸಲೇಬೇಕು, ಇಲ್ಲದಿದ್ದರೆ ಕಟ್ಟಿದ್ದೆಲ್ಲ ಗದ್ದೆಗೆ ಸಮ. ಈ ಎರಡರ ನಡುವೆ ಕೆಲಸ ಹೊಂದಿಸಲು ಆಗುತ್ತದಾ ಅನ್ನುವುದೇ ಈ ಮನೆಯ ಮುಖ್ಯ ಪ್ರಶ್ನೆ. ಗೋಡೆ ನಿಲ್ಲುತ್ತದಾ ಅನ್ನುವುದಲ್ಲ.

ನನ್ನ ದೊಡ್ಡ ತಪ್ಪೂ ಹೇಳಿಬಿಡುತ್ತೇನೆ. ಪಡುವಣ ಗೋಡೆಗೆ ಇರಚಲು ಜಾಸ್ತಿ, ಸಿಮೆಂಟ್ ಗಾರೆ ಹೊಡೆದರೆ ಗಟ್ಟಿ ಅಂತ ಮೇಸ್ತ್ರಿ ಹೇಳಿದರು, ನಾನೂ ಹೂಂ ಅಂದೆ. ಎರಡನೇ ಮಳೆಗಾಲದಲ್ಲಿ ಆಳೆತ್ತರದ ಹಪ್ಪಳೆ ಹಾಗೇ ಕಳಚಿ ಬಿತ್ತು. ಸಿಮೆಂಟಿನ ಸಣ್ಣ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಆರುವುದಕ್ಕೆ ದಾರಿ ಇಲ್ಲ, ಹಿಂದಿನ ಮಣ್ಣು ಮೆತ್ತಗಾಗಿ ಹಿಡಿತ ಬಿಡುತ್ತದೆ. ಈಗ ಅಲ್ಲಿ ಸುಣ್ಣದ ಗಾರೆ ಇದೆ, ತಿಂಗಳುಗಟ್ಟಲೆ ನೀರಲ್ಲಿ ನೆನೆದ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಗಟ್ಟಿಯಾಗಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಆದರೆ ಗೋಡೆ ಆರಲು ಬಿಡುತ್ತದೆ.

ಮಣ್ಣು ಬೇಕು ಅಂತ ಮನೆ ಹಿಂದಿನ ಧರೆಯನ್ನು (ಗುಡ್ಡದ ಕಡಿದಾದ ಮಣ್ಣಿನ ಬದಿ) ಮಾತ್ರ ಕಡಿಯಬೇಡಿ. ಮಳೆಗಾಲದಲ್ಲಿ ಧರೆ ಕುಸಿದರೆ ಮಣ್ಣಿನ ಮನೆ, ಕಾಂಕ್ರೀಟ್ ಮನೆ ಅಂತ ಭೇದ ಇಲ್ಲ.

ನೀವು ಶನಿವಾರ, ಭಾನುವಾರ ಮಾತ್ರ ಬಂದು ನೋಡಿಕೊಳ್ಳುವುದಾದರೆ ಈ ಹಸಿ ಗೋಡೆಯ ಸಹವಾಸ ಬೇಡ. ಅಚ್ಚಿನಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವುದು, ಮೂರ್ನಾಲ್ಕು ವಾರ ನೀರು ಚಿಮುಕಿಸುವುದು, ಸುಡುವುದಿಲ್ಲ. ಮೊದಲೇ ಮಾಡಿ ಹೆಂಚಿನ ಕೊಟ್ಟಿಗೆಯಲ್ಲಿ ಪೇರಿಸಿಟ್ಟರೆ ಅಡಿಕೆ ಕೊಯ್ಲು ಮುಗಿದ ಮೇಲೆ ನಿಧಾನಕ್ಕೆ ಗೋಡೆ ಕಟ್ಟಬಹುದು.

ಏನೇ ಮಾಡಿ, ಮೊದಲು ಜಾಗಕ್ಕೆ ಹೋಗಿ ಎರಡು ಅಡಿ ಕೆಳಗಿನ ಮಣ್ಣು ತೆಗೆದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ. ನೀರು ತುಂಬಿಸಿ, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಅಲ್ಲಾಡಿಸದೆ ಇಡಿ. ತಳದಲ್ಲಿ ಮರಳು, ಅದರ ಮೇಲೆ ಹೂಳು, ಮೇಲ್ಗಡೆ ಜೇಡಿ ಪದರ ಪದರವಾಗಿ ಕೂರುತ್ತವೆ. ಅಳೆದು ಬರೆಯಿರಿ. ಮೂರರಲ್ಲಿ ಎರಡು ಪಾಲಾದರೂ ಮರಳು ಇದ್ದರೆ ಮುಂದಿನ ಮಾತಾಡೋಣ.